ರೆಕಾರ್ಡ್ ಪ್ರಕಾರ ಬೆಂಗಳೂರು

ನಮ್ಮಣ್ಣನಿಗೆ ವರ್ಷಕ್ಕೆ ಎರಡು ಹುಟ್ಟುಹಬ್ಬ. ಒಂದು ಅಮ್ಮ ಹೇಳುವ ದಿನ, ಇನ್ನೊಂದು ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಅಂದಾಜಿನ ಮೇಲೆ ಬರೆದುಕೊಂಡ ದಿನ. ಅಮ್ಮ ಹೇಳುವ ದಿನ ಮನೆಯಲ್ಲಿ ಪಾಯಸವಾಗುತ್ತದೆ, ಹೆಡ್‌ಮಾಸ್ಟರ ದಿನ ಬ್ಯಾಂಕಿನಿಂದ ಶುಭಾಶಯದ ಮೆಸೇಜು ಬರುತ್ತದೆ. ನಮ್ಮ ವಯಸ್ಸಿನವರ ಮನೆಗಳಲ್ಲಿ ಇದೇನೂ ವಿಶೇಷವಲ್ಲ. ಯಾರಾದರೂ ಕೇಳಿದರೆ, ಕೇಳುತ್ತಿರುವವರು ಆಫೀಸಿನವರೋ ಮನೆಯವರೋ ಎಂದು ನೋಡಿಕೊಂಡು ಉತ್ತರ ಹೇಳುತ್ತೇವೆ. ಅದರಲ್ಲಿ ಸುಳ್ಳಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಇಂಥದೊಂದು ಅಭ್ಯಾಸದಿಂದ ನಮ್ಮ ಮಗಳು ನಮ್ಮ ಕೈತಪ್ಪಿ ಹೋಗುವುದರಲ್ಲಿದ್ದಳು ಎಂದರೆ ಈಗಲೂ ಕೆಲವರು ನಂಬುವುದಿಲ್ಲ.

ನಾನು ನರ್ಸು. ಬನ್ನೇರುಘಟ್ಟ ರಸ್ತೆಯ ಒಂದು ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಮನೆ ಕುಮಾರಸ್ವಾಮಿ ಲೇಔಟಿನಲ್ಲಿ, ತೀರಿಹೋದ ನಮ್ಮ ಮಾವನವರು ಕಟ್ಟಿಸಿದ್ದು. ಮನೆಯಲ್ಲಿ ನಾಲ್ಕು ಜನ. ನಾನು, ನನ್ನ ಗಂಡ, ಅತ್ತೆ, ಮಗಳು. ಗಂಡನಿಗೆ ಬನಶಂಕರಿ ಬಸ್ ಸ್ಟ್ಯಾಂಡಿನ ಹತ್ತಿರ ಕನ್ನಡಕದ ಅಂಗಡಿ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಆದರೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಮಾತ್ರ ಬಾಯಿ ಬಿಚ್ಚುತ್ತಾರೆ. "ಹೊರಗಿಂದ ಬಂದೋರೆಲ್ಲಾ ಸೇರಿ ಊರು ಕೆಡಿಸಿದ್ರು. ನಾವು ಇಲ್ಲೇ ಹುಟ್ಟಿ ಇಲ್ಲೇ ಬೆಳೆದೋರು, ನಮಗೇ ಜಾಗ ಇಲ್ಲ" ಎಂದು ಸ್ಕೂಟರಿನ ಮೇಲೆ ಕೂತೇ ಗೊಣಗುತ್ತಾರೆ. ನಾನು ದಾವಣಗೆರೆ ಕಡೆಯವಳಾದ್ದರಿಂದ ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂರುತ್ತಿದ್ದೆ. ಹೆಚ್ಚು ಮಾತಾಡಿದರೆ ನಾನೂ ಹೊರಗಿನವಳೇ.

ಅಮೆರಿಕಕ್ಕೆ ಹೋಗಬೇಕೆಂದು ಆಸೆಪಟ್ಟವಳು ನಾನೇ. ಅದನ್ನು ಗಂಡನ ಮೇಲೋ ಮಗಳ ಓದಿನ ಮೇಲೋ ಹಾಕುವುದಿಲ್ಲ. ನನ್ನ ಜೊತೆ ಕೆಲಸ ಕಲಿತವರು ಒಬ್ಬೊಬ್ಬರಾಗಿ ಹೋಗಿ, ಅಲ್ಲಿಂದ ಫೋನ್ ಮಾಡಿ, "ಇಲ್ಲಿ ಒಬ್ಳಿಗೆ ಎರಡು ಮೂರೇ ಪೇಷಂಟು ಕಣೆ, ಕೂತು ಊಟ ಮಾಡ್ತೀವಿ" ಎನ್ನುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು. ನಾನು ನಿಂತೇ ಊಟ ಮಾಡುವುದನ್ನು ರೂಢಿಸಿಕೊಂಡಿದ್ದೆ. ಹೇಗೂ ಓದಿ ಆ ದೇಶದ ನರ್ಸಿಂಗ್ ಪರೀಕ್ಷೆ ಪಾಸು ಮಾಡಿದೆ. ಅಲ್ಲಿನ ಒಂದು ಆಸ್ಪತ್ರೆಯವರು ಫೋನಿನಲ್ಲೇ ಮಾತಾಡಿಸಿ, ನನ್ನ ಪರವಾಗಿ ಕೆಲಸದ ಮೇಲಿನ ಕಾಯಂ ವೀಸಾಕ್ಕೆ ಅರ್ಜಿ ಹಾಕಲು ಒಪ್ಪಿದರು. ಆ ವೀಸಾದಲ್ಲಿ ಗಂಡ ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ನಾನು ಅರ್ಧ ಪೆಟ್ಟಿಗೆ ಕಟ್ಟಿದವಳ ಹಾಗೆ ಓಡಾಡತೊಡಗಿದೆ.

ಮೊದಲು ಹೋಗಿದ್ದು ಬಿಟಿಎಂ ಲೇಔಟಿನ ಒಬ್ಬ ಏಜೆಂಟನ ಹತ್ತಿರ. ಆತನಿಗೆ ಎಲ್ಲವೂ ಸುಲಭ. ಮಗಳ ವಿಚಾರ ಕೇಳಿದರೆ, "ಅದೆಲ್ಲಾ ಆಗುತ್ತೆ ಮೇಡಂ, ಟೆನ್ಷನ್ ತಗೋಬೇಡಿ" ಎಂದ. ಹೇಗೆ ಆಗುತ್ತದೆ ಎಂದು ಕೇಳಿದೆ. "ಆಗುತ್ತೆ ಮೇಡಂ" ಎಂದು ಇನ್ನೊಮ್ಮೆ ಅಂದ. ರೋಗಿಗೆ ಹೀಗೆ ಉತ್ತರ ಕೊಟ್ಟಿದ್ದರೆ ನಮ್ಮ ಆಸ್ಪತ್ರೆಯಲ್ಲಿ ನನ್ನನ್ನು ಮಾರನೆಯ ದಿನವೇ ಮನೆಗೆ ಕಳಿಸುತ್ತಿದ್ದರು. ಮೆಟ್ಟಿಲಿಳಿಯುವಾಗಲೇ ಗಂಡನಿಗೆ ಹೇಳಿದೆ, ಇವನ ಸಹವಾಸ ಬೇಡ ಎಂದು.

ನಮ್ಮ ವಾರ್ಡಿನ ಡಾಕ್ಟರೊಬ್ಬರು ಜಯನಗರದ ಒಬ್ಬ ವಕೀಲರ ವಿಳಾಸ ಕೊಟ್ಟರು. ಐವತ್ತು ದಾಟಿದ ಹೆಂಗಸು, ಅಮೆರಿಕದ ವಲಸೆ ಕಾನೂನಿನಲ್ಲಿ ಪಳಗಿದವರು. ಅವರ ಆಫೀಸು ನಾಲ್ಕನೇ ಬ್ಲಾಕಿನಲ್ಲಿ, ಕೆಳಗೆ ಸೀರೆ ಅಂಗಡಿ, ಮೇಲೆ ಇವರು. ನಾನು ಮತ್ತು ಗಂಡ ಹೋದಾಗ ಅವರು ನಮ್ಮ ಫೈಲನ್ನು ಪಕ್ಕಕ್ಕಿಟ್ಟು, ನಾವು ಯಾರು, ಏನು ಓದಿದ್ದು, ಎಲ್ಲಿ ಹುಟ್ಟಿದ್ದು, ಮಗಳ ವಯಸ್ಸೆಷ್ಟು ಎಂದು ಒಂದೊಂದೇ ಕೇಳಿ ಬರೆದುಕೊಂಡರು. ನಾನು ದಾವಣಗೆರೆ ಎಂದೆ. ಗಂಡ ಬೆಂಗಳೂರು ಎಂದರು. ಮಗಳು ಆಗ ಒಂಬತ್ತನೇ ಕ್ಲಾಸು.

ಆಮೇಲೆ ಅವರು ಕನ್ನಡಕ ತೆಗೆದಿಟ್ಟು ವಿಷಯಕ್ಕೆ ಬಂದರು. ಈ ವೀಸಾಕ್ಕೆ ಒಂದು ಸರದಿಯಿದೆ. ಆ ಸರದಿ ಹುಟ್ಟಿದ ದೇಶದ ಮೇಲೆ ಹೋಗುತ್ತದೆ. ಇಂಡಿಯಾದಲ್ಲಿ ಹುಟ್ಟಿದವರ ಸಾಲು ಎಷ್ಟು ಉದ್ದವೆಂದರೆ ನಮ್ಮ ಸರದಿ ಬರುವ ಹೊತ್ತಿಗೆ ಹತ್ತು ವರ್ಷ ದಾಟಬಹುದು. ಮಕ್ಕಳಿಗೆ ಇಪ್ಪತ್ತೊಂದು ತುಂಬಿದರೆ ತಂದೆ ತಾಯಿಯ ಜೊತೆ ಹೋಗುವ ಹಕ್ಕು ಸಾಮಾನ್ಯವಾಗಿ ತಪ್ಪಿಹೋಗುತ್ತದೆ.

"ಅಂದ್ರೆ ನಾವಿಬ್ರು ಹೋಗಬಹುದು, ಅವಳು ಬರೋಕಾಗಲ್ಲ ಅಂತನಾ ಮೇಡಂ?" ಎಂದು ಕೇಳಿದೆ.

"ಹೌದು. ಬೇರೆ ವೀಸಾ ಸಿಗಬಹುದು, ಸಿಗದೇನೂ ಇರಬಹುದು. ನಿಮ್ಮ ಹತ್ರ ಆಗುತ್ತೆ ಆಗುತ್ತೆ ಅಂತ ಹೇಳಿ ಕಳಿಸೋಕೆ ನನಗೆ ಬರಲ್ಲ. ಮಗೂನ ಬಿಟ್ಟು ಹೋಗೋ ವಿಷಯ, ನೀವಿಬ್ರೇ ತೀರ್ಮಾನ ಮಾಡ್ಬೇಡಿ. ಮನೇಲಿ ದೊಡ್ಡೋರಿದ್ರೆ ಕರ್ಕೊಂಡ್ ಬನ್ನಿ, ಮಗೂನೂ ಬರ್ಲಿ. ಎಲ್ರೂ ಕೂತು ಮಾತಾಡೋಣ."

ಮನೆಗೆ ಬಂದು ಮಗಳಿಗೆ ಹೇಳಿದೆವು. ಅವಳು ಟಿಫನ್ ಡಬ್ಬಿ ತೊಳೆಯುತ್ತಾ, "ಸರಿ ಬಿಡಿ, ನೀವಿಬ್ರು ಹೋಗಿ, ನಾನು ಅಜ್ಜಿ ಜೊತೆ ಇರ್ತೀನಿ" ಎಂದಳು. ಏನೂ ಆಗದವಳಂತೆ ಡಬ್ಬಿಯ ಮುಚ್ಚಳವನ್ನು ಮೂರು ಸಲ ತೊಳೆದಳು. ನನಗೆ ಬಂದ ಕೋಪ ಯಾರ ಮೇಲೆ ಎಂದು ಗೊತ್ತಾಗದೆ, ಗಂಡನಿಗೆ ಅನ್ನ ಬಡಿಸುವಾಗ ಚಮಚ ಜೋರಾಗಿ ಕುಟ್ಟಿದೆ. ಅವಳನ್ನು ಬಿಟ್ಟು ಹೋಗುವುದಾದರೆ ನಾನು ನಿಂತೇ ಊಟ ಮಾಡಿಕೊಂಡಿರುತ್ತೇನೆ ಎಂದು ಅವತ್ತೇ ನಿರ್ಧಾರ ಮಾಡಿದ್ದೆ. ಆದರೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಆಸೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಮುಂದಿನ ವಾರ ನಾಲ್ವರೂ ಹೋದೆವು. ಅತ್ತೆ ಬಂದಿದ್ದು ವಕೀಲರಿಗಾಗಿ ಅಲ್ಲ. ನಾಲ್ಕನೇ ಬ್ಲಾಕಿಗೆ ಹೋಗುವುದಾದರೆ ಪೂಜೆಗೆ ಪತ್ರೆ, ಹೂವು ತರಬಹುದು ಎಂದು ಚೀಲ ಹಿಡಿದು ಬಂದಿದ್ದರು. ದಿನಾ ಬೆಳಗ್ಗೆ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕುವವರಲ್ಲ. ವಕೀಲರು ನಮಗೆ ಹೇಳಿದ್ದನ್ನೆಲ್ಲ ಅವರಿಗೆ ಮತ್ತೊಮ್ಮೆ ನಿಧಾನವಾಗಿ ಹೇಳಿದರು. ಅತ್ತೆ ಕೇಳುತ್ತಾ ಚೀಲವನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು.

ವಕೀಲರು, "ಆಂಟಿ, ಮಗ ಸೊಸೆ ಅಷ್ಟು ದೂರ ಹೋದ್ರೆ ನಿಮಗೆ ಹೇಗೆ?" ಎಂದು ಕೇಳಿದರು.

"ನನಗೇನಮ್ಮಾ, ಮಗಳು ಗೊಟ್ಟಿಗೆರೇಲಿ ಇದಾಳೆ. ಅವಳೂ ನನ್ನ ಕರೀತಾನೇ ಇರ್ತಾಳೆ. ದೂರ ಅನ್ನೋದೇನು ನನಗೆ ಹೊಸದಲ್ಲ. ನಮ್ಮಪ್ಪ ಆಫ್ರಿಕಾದಲ್ಲಿ ಮೇಷ್ಟ್ರಾಗಿದ್ರು. ಜಾಂಬಿಯಾ ಅಂತ, ತಾಮ್ರದ ಗಣಿ ಇರೋ ಊರು. ಅಮ್ಮನೂ ಅಲ್ಲೇ. ಮೊದಲನೇ ಬಾಣಂತನ ತವರಲ್ಲೇ ಆಗ್ಬೇಕು ತಾನೆ? ವಿಮಾನ ಹತ್ಕೊಂಡು ಅಲ್ಲಿಗೇ ಹೋಗಿ ಇವನ್ನ ಹೆತ್ಕೊಂಡು ಬಂದೆ."

ವಕೀಲರ ಪೆನ್ನು ನಿಂತಿತು. ಅವರು ನನ್ನ ಗಂಡನ ಕಡೆ ತಿರುಗಿ, "ಸಾರ್, ನೀವು ಹೋದ ವಾರ ಬೆಂಗಳೂರು ಅಂದ್ರಲ್ಲ?" ಎಂದರು.

ನನ್ನ ಗಂಡ ಸ್ವಲ್ಪವೂ ಅಳುಕದೆ, "ರೆಕಾರ್ಡ್ ಪ್ರಕಾರ ಬೆಂಗಳೂರು ಮೇಡಂ" ಎಂದರು.

ವಕೀಲರು ಒಂದು ಕ್ಷಣ ಅವರನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನೂ ಹೌದೆಂದು ತಲೆ ಆಡಿಸಿದೆ. ನಿಜಕ್ಕೂ ಅದರಲ್ಲೇನು ತಪ್ಪಿದೆ ಎಂದು ನನಗೂ ತಿಳಿಯಲಿಲ್ಲ. ಗಂಡ ಆಫ್ರಿಕಾದಲ್ಲಿ ಹುಟ್ಟಿದ್ದು ನನಗೆ ಮದುವೆಯಾದ ಹೊಸದರಲ್ಲೇ ಗೊತ್ತಿತ್ತು. ಅತ್ತೆ ಬಾಣಂತನದ ಮಾತು ಬಂದಾಗಲೆಲ್ಲ ಹೇಳುತ್ತಿದ್ದರು. ಆದರೆ ಮಾವನವರು ಮಗನನ್ನು ಶಾಲೆಗೆ ಸೇರಿಸುವಾಗ, ಆಫ್ರಿಕಾ ಎಂದು ಬರೆದರೆ ಅದಕ್ಕೆ ಸಾವಿರ ಕಾಗದ ಕೇಳುತ್ತಾರೆಂದು ಬೆಂಗಳೂರು ಎಂದು ಬರೆಸಿದ್ದರು. ಶಾಲೆಯಿಂದ ಅದು ಕಾಲೇಜಿಗೆ, ಅಲ್ಲಿಂದ ಪಾಸ್‌ಪೋರ್ಟಿಗೆ ಹೋಗಿತ್ತು. ಆಫ್ರಿಕಾ ಮನೆಯ ಮಾತು, ಬೆಂಗಳೂರು ಆಫೀಸಿನ ಮಾತು. ಎರಡನ್ನೂ ಎಂದೂ ಒಂದು ಕಡೆ ಕೂರಿಸಿ ನೋಡಿರಲಿಲ್ಲ.

ವಕೀಲರು ನಗಲಿಲ್ಲ, ಬೈಯಲೂ ಇಲ್ಲ. ಎದ್ದು ಹೋಗಿ ಬಾಟಲಿಯಿಂದ ನೀರು ಕುಡಿದು ಬಂದು ಕೂತರು. "ಗಂಡ ಹೆಂಡತಿ ಒಟ್ಟಿಗೆ ಹೋಗೋದಾದ್ರೆ, ಇಬ್ರಲ್ಲಿ ಯಾರು ಹುಟ್ಟಿದ ದೇಶದ ಸಾಲಲ್ಲಿ ಬೇಕಾದ್ರೂ ನಿಲ್ಲಬಹುದು. ಜಾಂಬಿಯಾದಲ್ಲಿ ಹುಟ್ಟಿದೋರ ಸಾಲು ಇಂಡಿಯಾದಷ್ಟು ಉದ್ದ ಇಲ್ಲ. ಎರಡು ಮೂರು ವರ್ಷ ಹಿಡೀಬಹುದು. ಮಗಳಿಗೆ ಆಗ ಇನ್ನೂ ಹದಿನೆಂಟೂ ಆಗಿರಲ್ಲ."

ಮಗಳು ಕುರ್ಚಿಯ ತುದಿಗೆ ಬಂದು ಕೂತಳು. ಅತ್ತೆ ಮಾತ್ರ, "ನಾನು ಏನಾದ್ರೂ ತಪ್ಪು ಹೇಳಿದ್ನಾ?" ಎಂದು ಕೇಳಿದರು.

"ಇಲ್ಲ ಆಂಟಿ. ನೀವೊಬ್ರೇ ಸರಿ ಹೇಳಿದ್ದು. ಆದ್ರೆ ಇದು ಬಾಯಿ ಮಾತಲ್ಲಿ ಸಾಲಲ್ಲ. ಅಲ್ಲಿಂದ ಜನನ ಪ್ರಮಾಣಪತ್ರ ಬರ್ಬೇಕು. ಇಲ್ಲಿ ಪಾಸ್‌ಪೋರ್ಟ್ ತಿದ್ದಿಸ್ಬೇಕು. ಸುಳ್ಳು ಹೇಳಿದ್ದನ್ನ ಮೊದಲು ನಾವೇ ಒಪ್ಕೊಂಡು ಸರಿ ಮಾಡ್ಬೇಕು. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಇದ್ರೆ ಎಲ್ಲಾ ಹೋಗುತ್ತೆ."

ಸುಳ್ಳು ಎಂಬ ಮಾತಿಗೆ ನನ್ನ ಗಂಡನ ಮುಖ ಸಣ್ಣದಾಯಿತು. ಪಾಪ, ಅವರ ಪಾಲಿಗೆ ಅದು ಸುಳ್ಳಾಗಿರಲಿಲ್ಲ, ರೆಕಾರ್ಡ್ ಆಗಿತ್ತು. ಹಿಂದಿರುಗುವಾಗ ಬನಶಂಕರಿಯ ಹತ್ತಿರ ಟ್ರಾಫಿಕ್ ಜಾಮ್ ಆಯಿತು. ಆಟೋದಲ್ಲಿ ಅತ್ತೆಯ ಪಕ್ಕ ಕೂತಿದ್ದ ಮಗಳು, "ಅಪ್ಪ, ಹೊರಗಿಂದ ಬಂದೋರೆಲ್ಲಾ ಸೇರಿ ಊರು ಕೆಡಿಸಿದ್ರು ಅಲ್ವಾ?" ಎಂದಳು. ಆ ವಾರದಲ್ಲಿ ಅವಳು ಆಡಿದ ಮೊದಲ ತಮಾಷೆ ಅದು. ಗಂಡ ಹೊರಗೆ ನೋಡುತ್ತಾ ಕೂತಿದ್ದರು, ಆದರೆ ಭುಜ ಅಲುಗುತ್ತಿತ್ತು.

ಅತ್ತೆಯ ಆ ಪ್ರಯಾಣದ ಕತೆಯನ್ನು ಆಮೇಲೆ ನಾವು ಎಷ್ಟು ಸಲ ಕೇಳಿದೆವೋ. ವಕೀಲರಿಗೆ ಪ್ರತಿಯೊಂದೂ ಬೇಕಿತ್ತು. ಅತ್ತೆಗೆ ಆಗ ಇಪ್ಪತ್ತರ ಹತ್ತಿರದ ವಯಸ್ಸು. ಐದು ತಿಂಗಳಾದ ಮೇಲೆ ಬೊಂಬಾಯಿಗೆ ಹೋಗಿ ವಿಮಾನ ಹತ್ತಿದರು. ಅಷ್ಟು ದೂರ ಬಸುರಿಯನ್ನು ಕಳಿಸಲು ಅತ್ತೆಯ ಅತ್ತೆ ಮೊದಲು ಒಪ್ಪಲಿಲ್ಲ. ಆದರೆ ತವರಿಂದ ಕಾಗದ ಬಂತು, ಚೊಚ್ಚಲ ಬಾಣಂತನ ತವರಿನ ಶಾಸ್ತ್ರ, ತಪ್ಪಿಸಬೇಡಿ ಎಂದು. ಶಾಸ್ತ್ರ ಎಂದ ಮೇಲೆ ಆ ಮನೆಯಲ್ಲಿ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಟ್ರಂಕಿನಲ್ಲಿ ಒಣಶುಂಠಿ, ಓಮ, ಮಗುವಿಗೆ ತೇಯಲು ಬಜೆ, ಜೊತೆಗೆ ಒಂದು ಪುಟ್ಟ ಲಿಂಗ. ಮಗು ಹುಟ್ಟಿದರೆ ಲಿಂಗ ಕಟ್ಟಬೇಕಲ್ಲ, ಆ ಊರಿನಲ್ಲಿ ಎಲ್ಲಿ ಸಿಗುತ್ತದೆ? ಕಟ್ಟಲು ಅಯ್ಯನವರೂ ಇಲ್ಲದೆ ಮೇಷ್ಟ್ರಾಗಿದ್ದ ಅಜ್ಜನೇ ವಿಭೂತಿ ಹಚ್ಚಿ ಮೊಮ್ಮಗನಿಗೆ ಲಿಂಗ ಕಟ್ಟಿದರಂತೆ. ಅತ್ತೆಯ ಹಳೆಯ ಪಾಸ್‌ಪೋರ್ಟ್ ಇದ್ದಿದ್ದರೆ ಅರ್ಧ ಕೆಲಸ ಆಗುತ್ತಿತ್ತು. ಅದನ್ನು ಮಾವನವರು ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಬರುವಾಗ ಹಳೆಯ ಪೇಪರ್‌ಗಳ ಜೊತೆ ರದ್ದಿಗೆ ಹಾಕಿಬಿಟ್ಟಿದ್ದರು.

ವಕೀಲರು ಆ ದೇಶದ ತಮ್ಮ ಪರಿಚಯದ ವಕೀಲರೊಬ್ಬರಿಗೆ ಬರೆದರು. ಮಿಷನ್ ಆಸ್ಪತ್ರೆಯ ಹೆಸರು ಅತ್ತೆಗೆ ನೆನಪಿತ್ತು. ಮಾವನವರ ಹೆಸರು, ಅತ್ತೆಯ ಹೆಸರು, ಹುಟ್ಟಿದ ದಿನ ಎಲ್ಲಾ ಕೊಟ್ಟೆವು. ಇತ್ತ ಅಮೆರಿಕದ ಆಸ್ಪತ್ರೆಯವರು ಅರ್ಜಿ ಹಾಕಿದರು, ಸರದಿಯಲ್ಲಿ ನಮ್ಮ ಲೆಕ್ಕ ಶುರುವಾಯಿತು. ನಾವು ಕಾದೆವು. ಬಹಳ ದಿನದ ಮೇಲೆ ಜಾಂಬಿಯಾದಿಂದ ಉತ್ತರ ಬಂತು. ಆ ಹೆಸರಿನ ದಂಪತಿಗೆ ಆ ವರ್ಷ ಆ ಊರಿನಲ್ಲಿ ಮಗು ಹುಟ್ಟಿದ ದಾಖಲೆ ಇಲ್ಲ.

ಆ ಸಂಜೆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮಗಳು ಎಸ್ಸೆಸ್ಸೆಲ್ಸಿ ಪುಸ್ತಕ ಹಿಡಿದು ಒಂದೇ ಪುಟವನ್ನು ನೋಡುತ್ತಿದ್ದಳು. ನನ್ನ ಗಂಡ ಅಂಗಡಿ ಮುಚ್ಚಿ ಬಂದವರು ಚಪ್ಪಲಿ ಬಿಡುತ್ತಲೇ, "ಬಿಟಿಎಂನೋನು ಸಿಕ್ಕಿದ್ದ" ಎಂದರು. ಆ ಏಜೆಂಟ್ ಕನ್ನಡಕ ಮಾಡಿಸಲು ಅಂಗಡಿಗೆ ಬಂದಿದ್ದನಂತೆ. ಇವರು ವಿಷಯ ಬಾಯಿಬಿಟ್ಟಿದ್ದಾರೆ. "ಆಫ್ರಿಕಾ ಸರ್ಟಿಫಿಕೇಟ್ ಅಷ್ಟೇ ತಾನೆ, ಒಂದು ರೆಡಿ ಮಾಡಿಸಿಬಿಡೋಣ" ಎಂದನಂತೆ.

"ಏನ್ರೀ, ಜೈಲಿಗೆ ಹೋಗೋಕೆ ವೀಸಾ ಬೇಡ, ಹಾಗೇ ಹೋಗಬಹುದು" ಎಂದೆ.

"ನಾನೇನು ಮಾಡಿಸ್ತೀನಿ ಅಂದ್ನಾ? ಹೇಳಿದ್ದು ಹೇಳ್ದೆ. ನಾನು ಅಲ್ಲಿ ಹುಟ್ಟಿದ್ದಂತೂ ನಿಜ ತಾನೆ? ನಿಜಾನೇ ಒಂದು ಕಾಗದದ ಮೇಲೆ ಬರೆಸ್ಕೊಂಡ್ರೆ..." ಎಂದು ಅವರು ಮಗಳ ಕಡೆ ನೋಡಿ ನಿಲ್ಲಿಸಿದರು. ಅವರ ಸಂಕಟ ನನಗೆ ತಿಳಿಯದ್ದೇನಲ್ಲ. ಮಗಳಿಗೆ ಒಂದೊಂದು ಹುಟ್ಟುಹಬ್ಬ ಬಂದಾಗಲೂ ಇಪ್ಪತ್ತೊಂದಕ್ಕೆ ಇನ್ನೆಷ್ಟು ಎಂದು ನಾನೂ ಬೆರಳೆಣಿಸುತ್ತಿದ್ದೆ.

ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದರು. ತಲೆ ಎತ್ತದೆ ಹೇಳಿದರು, "ನಿಜವಾಗಿ ಹುಟ್ಟಿದೋನಿಗೆ ಸುಳ್ಳು ಸರ್ಟಿಫಿಕೇಟ್ ಯಾಕೋ? ನಿಮ್ಮಪ್ಪ ಒಂದು ಸಲ ಸುಲಭ ಆಗ್ಲಿ ಅಂತ ಬರೆಸಿದ್ದು ಸಾಲದಾ?"

ಗಂಡ ಕೈಕಾಲು ತೊಳೆಯಲು ಹೋದರು. ಆ ಮಾತು ಅಲ್ಲಿಗೆ ಮುಗಿಯಿತು. ಏಜೆಂಟನ ಕನ್ನಡಕ ಸಿದ್ಧವಾದಾಗ ಕೆಲಸದ ಹುಡುಗಿಯ ಕೈಯಲ್ಲಿ ಕೊಡಿಸಿ, ತಾವು ಒಳಗೆ ಲೆನ್ಸ್ ಉಜ್ಜುತ್ತಾ ಕೂತರಂತೆ.

ಮಾರನೆಯ ದಿನ ಡ್ಯೂಟಿ ಮುಗಿಸಿಕೊಂಡು ಅತ್ತೆಯೊಬ್ಬರನ್ನೇ ವಕೀಲರ ಹತ್ತಿರ ಕರೆದುಕೊಂಡು ಹೋದೆ. ವಕೀಲರು ಸೋತವರಂತೆ ಕಾಣಲಿಲ್ಲ. ನನಗೆ ಅವರಲ್ಲಿ ಹಿಡಿಸಿದ್ದೇ ಅದು. ಬಾಗಿಲು ಹಾಕಿ, ಕಾಫಿ ತರಿಸಿ, ಅತ್ತೆಯ ಎದುರು ಕುರ್ಚಿ ಎಳೆದುಕೊಂಡು ಕೂತರು. "ಆಂಟಿ, ಆಸ್ಪತ್ರೆಗೆ ಹೋದಾಗಿಂದ ಹೇಳಿ. ನಿಮ್ಮನ್ನ ಯಾರು ಕರ್ಕೊಂಡ್ ಹೋಗಿದ್ದು?"

"ಅಪ್ಪ. ಸ್ಕೂಲಿನ ಜೀಪಲ್ಲಿ."

"ಆಸ್ಪತ್ರೆಯೋರು ಹೆಸರು ಯಾರ ಹತ್ರ ಕೇಳಿದ್ರು?"

"ನನ್ನನ್ನ ಯಾರು ಕೇಳ್ತಾರೆ ತಾಯಿ, ನಾನು ನೋವು ತಿಂತಿದ್ದೆ. ಅಪ್ಪನ್ನೇ ಕೇಳಿರ್ಬೇಕು. ಆ ಊರಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರ್ಲಿಲ್ಲ. ನಾನು ಹೋಗಿದ್ದು ತವರಿಗೆ ತಾನೆ? ಎಲ್ರಿಗೂ ಮೇಷ್ಟ್ರ ಮಗಳು. ನಮ್ಮನೆಯೋರನ್ನ ಅಲ್ಲಿ ಒಬ್ರೂ ಕಂಡಿರ್ಲಿಲ್ಲ."

ವಕೀಲರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ನಾವು ಅತ್ತೆಯನ್ನು ಹುಡುಕಿಸಿದ್ದು ಈ ಮನೆಯ ಸೊಸೆಯ ಹೆಸರಿನಲ್ಲಿ, ಮಾವನವರ ಹೆಸರು ಜೋಡಿಸಿ. ಅಲ್ಲಿ ಹೆತ್ತವಳು ಮಗಳು. ತವರಿಗೆ ಹೋದ ಹೆಣ್ಣುಮಗಳನ್ನು ಅಪ್ಪ ಗಂಡನ ಹೆಸರಿನಿಂದ ಏಕೆ ಬರೆಸುತ್ತಾನೆ? ಇಷ್ಟು ವರ್ಷ ಆಸ್ಪತ್ರೆಯಲ್ಲಿದ್ದು, ಸೇರಿಸಲು ಕರೆತಂದ ಹೆಣ್ಣುಮಕ್ಕಳ ಹೆಸರನ್ನು ಅಪ್ಪಂದಿರು ಹೇಗೆ ಹೇಳುತ್ತಾರೆಂದು ನಿತ್ಯ ಕಂಡ ನನಗೆ ಇದು ಹೊಳೆಯಬೇಕಿತ್ತು. ವಕೀಲರು ಅಲ್ಲೇ ಕೂತು ಅಜ್ಜನ ಹೆಸರು, ಶಾಲೆಯ ಹೆಸರು ಹಾಕಿ ಇನ್ನೊಂದು ಕಾಗದ ಕಳಿಸಿದರು.

ಈ ಸಲ ಉತ್ತರ ಬೇಗ ಬಂತು. ಮೇಷ್ಟ್ರ ಮಗಳಿಗೆ ಅದೇ ದಿನ ಗಂಡು ಮಗು. ಮಗುವಿನ ಹೆಸರಿನ ಜಾಗ ಖಾಲಿ. ನಾಮಕರಣ ಆಗಿರಲಿಲ್ಲವಲ್ಲ, ಅದಕ್ಕೆ. ವಕೀಲರು ಫೋನ್ ಮಾಡಿದಾಗ ನಾನು ವಾರ್ಡಿನಲ್ಲಿದ್ದೆ. ಹೇಳಿದ್ದನ್ನು ಕೇಳಿ ಮೆಷಿನ್ನಿನ ಪಕ್ಕದಲ್ಲೇ ನಿಂತು ಅತ್ತುಬಿಟ್ಟೆ. ಡಯಾಲಿಸಿಸ್‌ಗೆ ಮಲಗಿದ್ದ ವಯಸ್ಸಾದ ಅಂಕಲ್ ಒಬ್ಬರು ಹೆದರಿ, "ಏನಮ್ಮಾ, ನನ್ನ ರಿಪೋರ್ಟಾ?" ಎಂದು ಕೇಳಿದರು. ಅಲ್ಲ ಅಂಕಲ್, ನಮ್ಮನೆಯವರು ಹುಟ್ಟಿದರು ಎಂದು ಹೇಳಿದೆ. ಅವರು ಇನ್ನೂ ಹೆದರಿದರು.

ಪಾಸ್‌ಪೋರ್ಟ್ ತಿದ್ದಿಸುವುದೂ ಸುಲಭವಾಗಲಿಲ್ಲ. ಹೆಸರಿಲ್ಲದ ಆ ಮಗು ಈ ಮನುಷ್ಯನೇ ಎಂದು ತೋರಿಸಬೇಕಿತ್ತು. ಅಫಿಡವಿಟ್ ಆಯಿತು, ಪೊಲೀಸರು ಮನೆಗೆ ಬಂದು ಹೋದರು, ಕೊನೆಗೆ ತಾಯಿಯನ್ನೇ ಕರೆತನ್ನಿ ಎಂದರು. ಅತ್ತೆ ಹಸಿರು ರೇಷ್ಮೆ ಸೀರೆಯುಟ್ಟು ಬಂದರು. ಅಧಿಕಾರಿ ಪಾಪ ಎರಡು ಪ್ರಶ್ನೆ ಕೇಳಬೇಕೆಂದಿದ್ದರೋ ಏನೋ. ಅತ್ತೆ ಬೊಂಬಾಯಿಯಿಂದ ಶುರುಮಾಡಿ, ವಿಮಾನದಲ್ಲಿ ಏನೂ ತಿನ್ನದೆ ಕೂತದ್ದು, ಅಲ್ಲಿನ ಕೆಂಪು ಮಣ್ಣು ನಮ್ಮ ಕಡೆಯ ಮಣ್ಣಿನಂತೆಯೇ ಇದ್ದದ್ದು, ಜೋಳದ ಹಿಟ್ಟಿನಲ್ಲಿ ಅವರಮ್ಮ ಮುದ್ದೆ ಕಟ್ಟಿದ್ದು, ಬಜೆ ತೇದು ನೆಕ್ಕಿಸಿದ್ದನ್ನು ಕಂಡು ಮಿಷನ್ ಆಸ್ಪತ್ರೆಯ ಸಿಸ್ಟರು ಗದರಿದ್ದು ಎಲ್ಲಾ ಹೇಳಿದರು. ಅಧಿಕಾರಿ ನಡುವೆ ಒಂದು ಸಲ ಗಡಿಯಾರ ನೋಡಿದರು, ಆಮೇಲೆ ನೋಡುವುದನ್ನು ಬಿಟ್ಟರು. ಕೊನೆಗೆ, "ನಮ್ಮಮ್ಮನೂ ಬಜೆ ತೇದು ಕೊಡ್ತಿದ್ರು ಆಂಟಿ" ಎಂದು ಕಾಗದಗಳನ್ನು ಎಳೆದುಕೊಂಡರು. ಕೆಲವು ವಾರಗಳಲ್ಲಿ ಹೊಸ ಪಾಸ್‌ಪೋರ್ಟ್ ಬಂತು. ನನ್ನ ಗಂಡ ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ಅವತ್ತಿಂದ ಟ್ರಾಫಿಕ್‌ನಲ್ಲಿ ಬಾಯಿ ಮುಚ್ಚಿಕೊಂಡೇ ಗಾಡಿ ಓಡಿಸುತ್ತಾರೆ.

ಆಮೇಲೆ ಬರೀ ಕಾಯುವುದು. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರಿದಳು, ನನಗಿಂತ ಎತ್ತರವಾದಳು. ವಕೀಲರು ಪ್ರತಿ ತಿಂಗಳು ಸರದಿ ಎಲ್ಲಿಗೆ ಬಂತೆಂದು ಒಂದು ಸಾಲಿನ ಮೆಸೇಜ್ ಕಳಿಸುತ್ತಿದ್ದರು. ಮುಂದೆ ಹೋಗದ ತಿಂಗಳು, ಹೋಗಿಲ್ಲ ಎಂದೇ ಬರೆಯುತ್ತಿದ್ದರು. ಆಗುತ್ತೆ ಎಂದು ಒಮ್ಮೆಯೂ ಬರೆಯಲಿಲ್ಲ. ನನಗೆ ಅದರಿಂದಲೇ ಧೈರ್ಯ.

ಈ ವರ್ಷ ಸರದಿ ಬಂತು, ಮುಂಬೈಗೆ ಸಂದರ್ಶನಕ್ಕೆ ಕರೆ ಬಂತು. ಹೊರಡುವ ಮೊದಲು ವಕೀಲರು ನಮ್ಮ ಮೂವರನ್ನೂ ಕೂರಿಸಿ, "ಕೇಳಿದ್ದಕ್ಕೆ ಮಾತ್ರ ಉತ್ತರ. ಸಾರ್, ನಿಮಗೆ ವಿಶೇಷವಾಗಿ ಹೇಳ್ತಿದೀನಿ, ಎಲ್ಲಿ ಹುಟ್ಟಿದ್ದು ಅಂತ ಕೇಳ್ತಾರೆ" ಎಂದರು. ಗಂಡ ರೈಲಿನಲ್ಲಿ ದಾರಿಯುದ್ದಕ್ಕೂ ತುಟಿ ಅಲುಗಿಸುತ್ತಿದ್ದರು. ಜಪವೇನೋ ಎಂದುಕೊಂಡೆ. ಆ ಊರಿನ ಹೆಸರು ಹೇಳಿಕೊಳ್ಳುತ್ತಿದ್ದರು.

ಕಿಟಕಿಯ ಆಚೆ ಚಿಕ್ಕ ವಯಸ್ಸಿನ ಅಧಿಕಾರಿಣಿ. ನನ್ನ ಕೆಲಸದ ಬಗ್ಗೆ ಕೇಳಿದರು, ಮಗಳನ್ನು ಏನು ಓದುತ್ತಿದ್ದೀ ಎಂದರು. ಕೊನೆಗೆ ಗಂಡನ ಕಡೆ ತಿರುಗಿ ಅದೇ ಪ್ರಶ್ನೆ. ಅವರು ಆ ಗಣಿಯ ಊರಿನ ಹೆಸರನ್ನು ಅವರಮ್ಮ ಹೇಳುವ ಧಾಟಿಯಲ್ಲೇ, ಕೊನೆಯಲ್ಲಿ ಸ್ವಲ್ಪ ಎಳೆದು ಹೇಳಿದರು. ನಿಮ್ಮ ತಾಯಿ ಅಲ್ಲಿ ಏನು ಮಾಡುತ್ತಿದ್ದರು ಎಂದು ಆಕೆ ಕೇಳಿದರು. ಹೆರಿಗೆಗೆ ತನ್ನ ಅಮ್ಮನ ಮನೆಗೆ ಹೋಗಿದ್ದರು ಎಂದು ಇವರು ಹೇಳಿದರು. ಆಕೆ ನಕ್ಕು, ಮೂವರ ವೀಸಾವೂ ಮಂಜೂರಾಗಿದೆ ಎಂದರು. ನಾನು ಮಗಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅವಳು, "ಅಮ್ಮ, ಬಿಡು, ನೋಯ್ತಿದೆ" ಎಂದಳು.

ಊರಿಗೆ ಬಂದು ಮೊದಲು ಜಯನಗರಕ್ಕೆ ಹೋದೆವು. ವಕೀಲರಿಗೆ ಕೊಡಲು ಮೈಸೂರುಪಾಕು ತೆಗೆದುಕೊಂಡಿದ್ದೆ. ಅವರು ಒಂದು ತುಂಡು ಬಾಯಿಗೆ ಹಾಕಿಕೊಂಡು, ಡಬ್ಬಿಯನ್ನು ಮಗಳ ಕೈಗೇ ಕೊಟ್ಟು, "ಆಂಟಿಗೆ ಮೊದಲು ಹೇಳಿ ಹೋಗಿ, ಫೋನಲ್ಲಿ ಹೇಳ್ಬೇಡಿ" ಎಂದು ಅಟ್ಟಿದರು.

ಮನೆಯಲ್ಲಿ ಅತ್ತೆ ಆಗ ತಾನೆ ಪೂಜೆ ಮುಗಿಸಿದ್ದರು, ಹಣೆಯಲ್ಲಿ ವಿಭೂತಿ ಇನ್ನೂ ಹಸಿಯಾಗಿತ್ತು. ನಮ್ಮ ಮುಖ ನೋಡಿಯೂ ಅವರಿಗೆ ಸಮಾಧಾನವಾಗಲಿಲ್ಲ. "ಮಗೂದೂ ಆಯ್ತಾ?" ಎಂದು ಕೇಳಿದರು. ಆಯಿತು ಎಂದೆ. ಇನ್ನೊಮ್ಮೆ ಕೇಳಿದರು. ಆಮೇಲೆ ಮೊಮ್ಮಗಳ ಕೆನ್ನೆ ಸವರಿ ಅಡುಗೆಮನೆಗೆ ಹೋದರು.

ನಾನು ಹಿಂದೆಯೇ ಹೋದೆ. ಕಾಫಿಗೆ ಹಾಲು ಇಟ್ಟು ಅದನ್ನೇ ನೋಡುತ್ತಾ ನಿಂತಿದ್ದರು. ನನಗೆ ಸಂತೋಷದ ಜೊತೆಗೆ ಅವರನ್ನು ನೋಡಿ ಸಂಕಟವಾಗುತ್ತಿತ್ತು. "ಅತ್ತೆ, ಆ ಶಾಸ್ತ್ರಕ್ಕೆ ಅಂತ ನೀವು ಅಷ್ಟು ದೂರ ಹೋಗದೆ ಇದ್ದಿದ್ರೆ ಇವತ್ತು ಇವಳನ್ನ ಬಿಟ್ಟು ಹೋಗ್ಬೇಕಿತ್ತು" ಎಂದೆ.

"ಶಾಸ್ತ್ರ ಏನು ಬಂತು ಕಣೆ" ಎಂದರು ಅತ್ತೆ. "ನನ್ನ ಮದುವೆ ಮಾಡಿ ಕೊಟ್ಟು ಅಮ್ಮ ಅಲ್ಲಿಗೆ ಹೋಗಿದ್ರು. ನಾನು 'ಅಮ್ಮನ್ನ ನೋಡ್ಬೇಕು' ಅಂದ್ರೆ ಯಾರು ಕಳಿಸ್ತಿದ್ರು? ಅಮ್ಮ 'ಮಗಳನ್ನ ನೋಡ್ಬೇಕು' ಅಂತ ಬರೆದ್ರೆ ಯಾರು ಓದ್ತಿದ್ರು? ಅದಕ್ಕೇ ಶಾಸ್ತ್ರ ಅಂತ ಬರೆದ್ರು. ಶಾಸ್ತ್ರ ಅಂದ್ರೆ ಕಳಿಸ್ತಾರೆ. ನಮ್ಮಿಬ್ರಿಗೂ ಗೊತ್ತಿತ್ತು."

ಹಾಲು ಉಕ್ಕಿ ಬಂತು. ನಾನು ಉರಿ ಸಣ್ಣ ಮಾಡಿದೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಹೊಸದಾಗಿ ಏನೋ ನೆನಪಾದವರಂತೆ, "ಅಂದಹಾಗೆ ನನಗೂ ಒಂದು ಪಾಸ್‌ಪೋರ್ಟ್‌ಗೆ ಅರ್ಜಿ ಹಾಕು" ಎಂದರು.

"ಹಾಕ್ತೀನಿ. ಎಲ್ಲಿಗೆ ಅತ್ತೆ?"

"ನಾಳೆ ಇವಳಿಗೆ ಮದುವೆ, ಮಕ್ಕಳು ಅಂತ ಆಗುತ್ತೆ. ಚೊಚ್ಚಲ ಬಾಣಂತನ ತವರಲ್ಲೇ ಆಗ್ಬೇಕು. ಇವಳ ತವರು ಇನ್ನು ಅಲ್ಲೇ ತಾನೆ? ದೊಡ್ಡೋರು ಒಬ್ರು ಜೊತೇಲಿ ಇರ್ಬೇಕು. ಶಾಸ್ತ್ರ."

ಹೊರಗೆ ನಡುಮನೆಯಲ್ಲಿ ಪಿಯುಸಿ ಹುಡುಗಿ ಅಪ್ಪನ ಜೊತೆ ಜಗಳವಾಡಿ ಮೈಸೂರುಪಾಕಿನ ಕೊನೆಯ ತುಂಡು ಕಿತ್ತುಕೊಳ್ಳುತ್ತಿದ್ದಳು. ನಾನು ಅತ್ತೆಯ ಮುಖ ನೋಡಿದೆ. ಅವರು ನನ್ನ ಕಡೆ ತಿರುಗದೆ ಲೋಟಗಳನ್ನು ಜೋಡಿಸುತ್ತಿದ್ದರು. "ಹೌದು ಅತ್ತೆ, ಶಾಸ್ತ್ರ ಬಿಡೋಕಾಗಲ್ಲ. ಆದ್ರೆ ಅಷ್ಟು ವರ್ಷ ಯಾಕೆ ಕಾಯ್ತೀರ? ಹೊಸ ಮನೆಗೆ ಹೋದಾಗ ಹಾಲುಕ್ಕಿಸೋಕೂ ದೊಡ್ಡೋರು ಬೇಕು" ಎಂದೆ. ಅತ್ತೆ ನನ್ನ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದರು. ಮಾರನೆಯ ದಿನವೇ ಅವರ ಅರ್ಜಿ ಹಾಕಿದೆ.